ಒಂದು ವಿಭಕ್ತಿಗೆ ಬಂದ ಕಾಯಿಲೆ

ವ್ಯಾಕರಣವೆಂದರೆ ಸಂಧಿ, ಸಮಾಸ, ವಿಭಕ್ತಿ, ಪ್ರತ್ಯಯ ಇವುಗಳ ಶಾಸ್ತ್ರ. ಅದರ ಪಾರಿಭಾಷಿಕ ಪದಗಳ ನಡುವೆ ರೋಗದ ಹೆಸರೊಂದು ಸೇರಿಕೊಂಡಿದೆಯೆಂದರೆ ವಾಚಕರಿಗೆ ವಿಚಿತ್ರವೆನಿಸಬಹುದು. ಐಸ್‌ಲೆಂಡಿನ ಭಾಷೆಯಲ್ಲಿ ಅಂಥದೊಂದು ಪದ ಉಂಟು. ಅದು ‘ಥೌಗುಫಾಲ್ಸ್‌ಸೀಕಿ’. ಕನ್ನಡಕ್ಕೆ ತಿರುಗಿಸಿದರೆ ‘ಚತುರ್ಥೀ ವಿಭಕ್ತಿಯ ಕಾಯಿಲೆ’ ಎಂದಾಗುತ್ತದೆ. ಯಾರೋ ವಿನೋದಕ್ಕೆ ಆಡಿ ಬಿಟ್ಟ ಮಾತಲ್ಲ ಇದು. ಆ ದೇಶದ ಉಪಾಧ್ಯಾಯರು ಇದನ್ನು ತರಗತಿಯಲ್ಲಿ ಬಳಸಿದರು. ತಂದೆತಾಯಿಗಳು ಮಕ್ಕಳ ಮಾತನ್ನು ತಿದ್ದುವಾಗ ಬಳಸಿದರು. ಇಂಗ್ಲಿಷಿನಲ್ಲಿ ಭಾಷಾಶಾಸ್ತ್ರ ಬರೆಯುವ ವಿದ್ವಾಂಸರು ಇದನ್ನೇ ಅನುವಾದಿಸಿ ‘ಡೇಟಿವ್ ಸಿಕ್‌ನೆಸ್’ ಎಂದು ಕರೆದರು. ಈ ಪದದ ಅವಯವಗಳು ಎಲ್ಲೆಲ್ಲಿಂದ ಬಂದವು, ಅದು ಯಾರ ಮೇಲೆ ಬಿತ್ತು, ರೋಗವೆಂಬ ಆರೋಪ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ವಿಚಾರಿಸತಕ್ಕ ಸಂಗತಿ.

ಮೊದಲು ಆ ನಾಡಿನ ಪರಿಚಯ ನಾಲ್ಕು ಮಾತಿನಲ್ಲಿ ಆಗಬೇಕು. ಅಟ್ಲಾಂಟಿಕ್ ಸಾಗರದ ಉತ್ತರದಲ್ಲಿರುವ ಐಸ್‌ಲೆಂಡು ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ದೊಡ್ಡದು. ಜನಸಂಖ್ಯೆ ಮಾತ್ರ ಸುಮಾರು ನಾಲ್ಕು ಲಕ್ಷ. ಒಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾರ್ವೆಯ ಕಡೆಯಿಂದ ಹಡಗೇರಿ ಬಂದವರು ಅಲ್ಲಿ ನೆಲೆಸಿದರು. ೯೩೦ರಲ್ಲಿ ‘ಆಲ್‌ಥಿಂಗ್’ ಎಂಬ ಮಹಾಸಭೆಯನ್ನು ಕಟ್ಟಿಕೊಂಡರು. ಹದಿಮೂರನೆಯ ಶತಮಾನದಲ್ಲಿ ನಾರ್ವೆಯ ದೊರೆಗೆ ಅಧೀನರಾದರು. ಮುಂದೆ ಡೆನ್ಮಾರ್ಕಿನ ಆಳ್ವಿಕೆ ಬಂತು. ೧೯೧೮ರಲ್ಲಿ ಐಸ್‌ಲೆಂಡು ಪ್ರತ್ಯೇಕ ರಾಜ್ಯವೆಂಬ ಮನ್ನಣೆ ಪಡೆಯಿತು. ೧೯೪೪ರ ಜೂನ್ ೧೭ರಂದು ಗಣರಾಜ್ಯವಾಯಿತು. ನಾರ್ವೆ, ಸ್ವೀಡನ್, ಡೆನ್ಮಾರ್ಕುಗಳ ಮಾತು ಈ ಸಾವಿರ ವರ್ಷಗಳಲ್ಲಿ ತನ್ನ ವಿಭಕ್ತಿ ಪ್ರತ್ಯಯಗಳನ್ನು ಬಹುಮಟ್ಟಿಗೆ ಉದುರಿಸಿಕೊಂಡಿತು. ಐಸ್‌ಲೆಂಡಿನ ಮಾತು ಉದುರಿಸಿಕೊಳ್ಳಲಿಲ್ಲ. ಹದಿಮೂರನೆಯ ಶತಮಾನದ ವೀರಕಥೆಗಳನ್ನು, ಕಾಗುಣಿತವನ್ನಷ್ಟು ಈಗಿನ ಕ್ರಮಕ್ಕೆ ತಂದುಕೊಟ್ಟರೆ, ಅಲ್ಲಿಯ ವಿದ್ಯಾರ್ಥಿ ಇಂದಿಗೂ ಓದಿಕೊಳ್ಳುತ್ತಾನೆ. ಹಳಗನ್ನಡದ ಪದ್ಯವೊಂದಕ್ಕೆ ಪ್ರತಿಪದಾರ್ಥ ಹೇಳಿ ಗಂಟಲು ಒಣಗಿಸಿಕೊಳ್ಳುವ ನಮ್ಮಂಥವರಿಗೆ ಇದು ಕೊಂಚ ಹೊಟ್ಟೆಕಿಚ್ಚು ತರುವ ಸಂಗತಿಯೇ ಸರಿ.

ಆ ಭಾಷೆಗೆ ವಿಭಕ್ತಿಗಳು ನಾಲ್ಕು. ಹೆಸರು ಹೇಳುವ ವಿಭಕ್ತಿ, ಸಹಿಸುವ ವಿಭಕ್ತಿ, ಪಡೆಯುವ ವಿಭಕ್ತಿ, ಒಡೆತನದ ವಿಭಕ್ತಿ ಎಂದು ಅವಕ್ಕೆ ಅಚ್ಚ ದೇಶೀಯವಾದ ಹೆಸರುಗಳಿವೆ: ನೆಬ್ನಿಫಾಲ್, ಥೋಲ್‌ಫಾಲ್, ಥೌಗುಫಾಲ್, ಏಗ್ನರ್‌ಫಾಲ್. ನಮ್ಮ ಲೆಕ್ಕದಲ್ಲಿ ಇವು ಕ್ರಮವಾಗಿ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ. ನಮ್ಮ ಪೂರ್ವಿಕರು ವಿಭಕ್ತಿಗಳನ್ನು ಎಣಿಸಿ ಹೆಸರಿಟ್ಟರು. ಅವರು ಕೆಲಸ ನೋಡಿ ಹೆಸರಿಟ್ಟರು. ನಮ್ಮ ಮಕ್ಕಳು ‘ಮರವು, ಮರವನ್ನು, ಮರದಿಂದ’ ಎಂದು ಬಾಯಿಪಾಠ ಮಾಡುವಂತೆ ಅಲ್ಲಿಯ ಮಕ್ಕಳು ‘ಹ್ಯೇರ್ ಎರ್ ಹೆಸ್ತುರ್, ಉಮ್ ಹೆಸ್ತ್, ಫ್ರೌ ಹೆಸ್ತಿ, ತಿಲ್ ಹೆಸ್ತ್ಸ್’ ಎಂದು ಒಪ್ಪಿಸುತ್ತಾರೆ. ‘ಇಲ್ಲಿದೆ ಕುದುರೆ, ಕುದುರೆಯ ವಿಚಾರ, ಕುದುರೆಯಿಂದ, ಕುದುರೆಯ ಬಳಿಗೆ’ ಎಂದು ಅದರ ಅರ್ಥ. ಮೊದಲ ಮಾತು ಪ್ರಥಮೆಗೆ ದಾರಿ ತೋರಿಸುತ್ತದೆ; ಉಳಿದ ಮೂರು ಅವ್ಯಯಗಳು ಒಂದೊಂದು ವಿಭಕ್ತಿಯನ್ನು ಬೇಡುತ್ತವೆ. ಪಡೆಯುವ ವಿಭಕ್ತಿಯನ್ನು ‘ಇಂದ’ ಎಂಬರ್ಥದ ಅವ್ಯಯದಿಂದ ನೆನಪಿಡುವುದು ತಮಾಷೆಯಾಗಿ ಕಾಣುತ್ತದೆ. ಮೂಲಭಾಷೆಯಲ್ಲಿ ಬೇರೆಬೇರೆಯಾಗಿದ್ದ ತೃತೀಯೆ, ಪಂಚಮಿ, ಸಪ್ತಮಿಗಳ ಕೆಲಸವೆಲ್ಲ ಈ ಕವಲಿನ ಭಾಷೆಗಳಲ್ಲಿ ಚತುರ್ಥಿಯ ತಲೆಯ ಮೇಲೆ ಬಂದು ಬಿದ್ದುದೇ ಅದಕ್ಕೆ ಕಾರಣ.

ಈಗ ಕಾಯಿಲೆಯ ವಿಷಯ. ‘ನನಗೆ ಆಸೆಯಾಗುತ್ತದೆ’ ಎಂಬುದಕ್ಕೆ ಐಸ್‌ಲೆಂಡಿನ ಶಿಷ್ಟಭಾಷೆಯಲ್ಲಿ ‘ಮಿಗ್ ಲೌಂಗರ್’ ಎನ್ನಬೇಕು. ‘ಮಿಗ್’ ಎಂದರೆ ‘ನನ್ನನ್ನು’. ಅಕ್ಷರಶಃ ಹೇಳುವುದಾದರೆ ‘ನನ್ನನ್ನು ಆಸೆಯಾಗುತ್ತದೆ’ ಎಂಬಂತೆ. ‘ನನಗೆ ಬೇಕಾಗಿದೆ’ ಎನ್ನಲು ‘ಮಿಗ್ ವಂತರ್’. ‘ನನಗೆ ಕನಸು ಬೀಳುತ್ತದೆ’ ಎನ್ನಲು ‘ಮಿಗ್ ಡ್ರೇಮಿರ್’. ಆದರೆ ಜನರಲ್ಲಿ ಬಹುಮಂದಿ, ಅದರಲ್ಲಿಯೂ ಮಕ್ಕಳು, ‘ಮ್ಯೇರ್ ಲೌಂಗರ್’, ‘ಮ್ಯೇರ್ ವಂತರ್’ ಎನ್ನುತ್ತಾರೆ. ‘ಮ್ಯೇರ್’ ಎಂದರೆ ‘ನನಗೆ’. ದ್ವಿತೀಯೆ ಇರಬೇಕಾದಲ್ಲಿ ಚತುರ್ಥಿ ಬಂದು ಕೂತಿತು. ಇಷ್ಟೇ ರೋಗಲಕ್ಷಣ. ಕನ್ನಡಿಗನ ಕಿವಿಗೆ ರೋಗಿಯ ಮಾತೇ ಆರೋಗ್ಯವಾಗಿ ಕೇಳಿಸುವುದು ಸಹಜ. ನಮಗೆ ಹಸಿವಾಗುವುದೂ ಬಾಯಾರುವುದೂ ಬೇಕೆನಿಸುವುದೂ ಬೇಸರವಾಗುವುದೂ ‘ನನಗೆ’ ಎಂದೇ ತಾನೆ?

ಪದವನ್ನು ಬಿಡಿಸಿ ನೋಡೋಣ. ಇದರಲ್ಲಿ ಮೂರು ಮಾತುಗಳೂ ನಡುವೆ ಒಂದು ಬೆಸುಗೆಯೂ ಇವೆ. ‘ಫಾಲ್’ ಎಂದರೆ ಬೀಳುವುದು. ಇಂಗ್ಲಿಷಿನ ‘ಫಾಲ್’ ಶಬ್ದದ ಒಡಹುಟ್ಟು. ಬರೆಹದಲ್ಲಿ ಹಾಗಿದ್ದರೂ ಒಂಟಿಯಾಗಿ ನುಡಿಯುವಾಗ ಅವರು ‘ಫಾತ್ಲ್’ ಎನ್ನುತ್ತಾರೆ. ವಿಭಕ್ತಿಗೂ ಬೀಳುವುದಕ್ಕೂ ಏನು ಸಂಬಂಧ? ಇದು ಗ್ರೀಕರು ಕಟ್ಟಿಕೊಂಡ ಗಂಟು. ಅವರು ವಿಭಕ್ತಿಗೆ ‘ಪ್ತೋಸಿಸ್’, ಎಂದರೆ ಪತನ, ಎಂಬ ಹೆಸರಿಟ್ಟರು. ಅರಿಸ್ಟಾಟಲನು ಈ ಮಾತನ್ನು ಶಬ್ದಗಳ ನಾನಾ ರೂಪಾಂತರಗಳಿಗೆ ಬಳಸಿದನು. ಸ್ಟೋಯಿಕ್ ಪಂಥದವರು ಅದನ್ನು ನಾಮಪದಗಳ ವಿಭಕ್ತಿಗಳಿಗೆ ಸೀಮಿತಗೊಳಿಸಿದರು. ನೆಟ್ಟಗೆ ನಿಂತದ್ದು ಪ್ರಥಮೆ, ಅದರಿಂದ ಓರೆಯಾಗಿ ಬಿದ್ದವು ಉಳಿದವು ಎಂಬುದು ಸಾಮಾನ್ಯ ಭಾವನೆ. ಹಾಗಾದರೆ ಪ್ರಥಮೆಯನ್ನೂ ಪತನವೆನ್ನುವುದು ಹೇಗೆ ಎಂದು ಅರಿಸ್ಟಾಟಲನ ಅನುಯಾಯಿಗಳು ಆಕ್ಷೇಪಿಸಿದರು. ಅದೂ ಮನಸ್ಸಿನೊಳಗಿನ ಭಾವನೆಯಿಂದ ಹೊರಕ್ಕೆ ಬಿದ್ದದ್ದೇ, ಕೈಯಿಂದ ಜಾರಿದ ಲೇಖನಿ ನೆಟ್ಟಗೆ ನಾಟಿಕೊಂಡು ನಿಲ್ಲಬಹುದಲ್ಲ ಎಂದು ಸ್ಟೋಯಿಕರು ಉತ್ತರವಿತ್ತರು. ನಮ್ಮ ವೈಯಾಕರಣರ ವಾದಪ್ರತಿವಾದಗಳನ್ನು ಓದಿದವರಿಗೆ ಈ ವೈಖರಿ ಹೊಸದಲ್ಲ. ರೋಮನರು ಈ ಪದವನ್ನು ತಮ್ಮ ಭಾಷೆಗೆ ತಿರುಗಿಸಿ ‘ಕಾಸುಸ್’ ಎಂದರು. ಅದಕ್ಕೂ ಬೀಳುವುದೆಂದೇ ಅರ್ಥ. ಇಂಗ್ಲಿಷಿನ ‘ಕೇಸ್’ ಅಲ್ಲಿಂದ ಬಂತು.

ಇಂಗ್ಲಿಷರು ಲ್ಯಾಟಿನ್ ಶಬ್ದವನ್ನೇ ಹಾಗೆಯೇ ಎತ್ತಿಕೊಂಡರು. ಐಸ್‌ಲೆಂಡಿನವರು ಅರ್ಥವನ್ನು ಎತ್ತಿಕೊಂಡು ಶಬ್ದವನ್ನು ತಮ್ಮ ಮನೆಯಲ್ಲಿ ಹುಡುಕಿದರು. ಈ ಚಟ ಅವರಿಗೆ ಬಹಳ ಹಳೆಯದು. ಹನ್ನೆರಡನೆಯ ಶತಮಾನದ ಮಧ್ಯದಲ್ಲಿಯೇ ಹೆಸರು ತಿಳಿಯದ ಒಬ್ಬ ಪಂಡಿತನು ಲ್ಯಾಟಿನ್ ಅಕ್ಷರಗಳು ತನ್ನ ಭಾಷೆಯ ಸ್ವರಗಳಿಗೆ ಸಾಲವೆಂಬುದನ್ನು ತೋರಿಸಿ, ಹೊಸ ಅಕ್ಷರಗಳನ್ನೂ ದೀರ್ಘಕ್ಕೊಂದು ಗೆರೆ, ಅನುನಾಸಿಕಕ್ಕೊಂದು ಬಿಂದು ಎಂಬ ಗುರುತುಗಳನ್ನೂ ಸೂಚಿಸಿ ಒಂದು ಪ್ರಬಂಧ ಬರೆದನು. ಅದನ್ನು ‘ಮೊದಲನೆಯ ವ್ಯಾಕರಣ ಪ್ರಬಂಧ’ ಎಂದು ಕರೆಯುತ್ತಾರೆ. ಒಂದೇ ಸ್ವರದ ಭೇದದಿಂದ ಅರ್ಥ ಬದಲಾಗುವ ಪದಗಳನ್ನು ಜೋಡಿಜೋಡಿಯಾಗಿ ನಿಲ್ಲಿಸಿ ವಾದಿಸುವ ಅವನ ಕ್ರಮವನ್ನು ನೋಡಿ ಇಪ್ಪತ್ತನೆಯ ಶತಮಾನದ ಧ್ವನಿಶಾಸ್ತ್ರಜ್ಞರೂ ತಲೆದೂಗಿದರು. ಸುಮಾರು ೧೨೫೦ರಲ್ಲಿ ಓಲಾಫುರ್ ಥೋರ್ದಾರ್ಸನ್ ಎಂಬ ಕವಿ ಮತ್ತೊಂದು ಪ್ರಬಂಧ ರಚಿಸಿದನು. ಇವನು ಪ್ರಸಿದ್ಧ ಗ್ರಂಥಕಾರ ಸ್ನೋರಿ ಸ್ಟುರ್ಲುಸನ್ನನ ಅಣ್ಣನ ಮಗ, ೧೨೫೯ರಲ್ಲಿ ತೀರಿಕೊಂಡನು. ಪ್ರಿಸ್ಕಿಯನ್, ಡೊನಾಟುಸ್ ಎಂಬ ಲ್ಯಾಟಿನ್ ವೈಯಾಕರಣರನ್ನು ಅನುಸರಿಸಿದರೂ ಉದಾಹರಣೆಗಳನ್ನು ಮಾತ್ರ ಸ್ವದೇಶದ ಕವಿಗಳಿಂದ ಆರಿಸಿದನು. ಲ್ಯಾಟಿನ್ ಪಾರಿಭಾಷಿಕಗಳನ್ನು ಒಂದೊಂದಾಗಿ ಬಿಡಿಸಿ ತನ್ನ ನುಡಿಯಲ್ಲಿ ಮರಳಿ ಕಟ್ಟಿದನು. ಭಾವಸೂಚಕಾವ್ಯಯಕ್ಕೆ ‘ನಡುವೆ ಎಸೆದದ್ದು’ ಎಂಬರ್ಥದ ಒಂದು ಪದ ಅವನಲ್ಲಿದೆ. ಲ್ಯಾಟಿನ್ನಿನಲ್ಲಿಯೂ ಅದೇ ಅರ್ಥ. ಸರಿಸುಮಾರು ಅದೇ ಹೊತ್ತಿನಲ್ಲಿ ನಮ್ಮ ಕೇಶಿರಾಜನು ಸಂಸ್ಕೃತದ ಚೌಕಟ್ಟಿನಲ್ಲಿ ಕನ್ನಡ ಕವಿಗಳ ಪ್ರಯೋಗಗಳನ್ನು ಕೂರಿಸುತ್ತ ಶಬ್ದಮಣಿದರ್ಪಣವನ್ನು ರಚಿಸುತ್ತಿದ್ದನು. ಒಬ್ಬನ ಸುಳಿವು ಇನ್ನೊಬ್ಬನಿಗಿರಲು ಸಾಧ್ಯವಿಲ್ಲ. ಇಬ್ಬರ ಕಷ್ಟ ಮಾತ್ರ ಒಂದೇ.

ಎರಡನೆಯ ಮಾತು ‘ಥೌಗ’. ಇಲ್ಲಿ ಒಂದು ಸ್ವಾರಸ್ಯವಿದೆ. ಗ್ರೀಕರು ಚತುರ್ಥಿಯನ್ನು ‘ದೋತಿಕೇ’ ಎಂದರು, ಲ್ಯಾಟಿನ್ನಿನವರು ‘ದಾತೀವುಸ್’ ಎಂದರು. ಎರಡೂ ಕೊಡುವುದೆಂಬ ಧಾತುವಿನಿಂದ ಬಂದವು. ನಮ್ಮವರು ಚತುರ್ಥಿಯ ಕಾರಕಕ್ಕೆ ‘ಸಂಪ್ರದಾನ’ ಎಂದರು. ಅದರಲ್ಲಿಯೂ ಇರುವುದು ‘ದಾ’ ಧಾತುವೇ. ಎಲ್ಲರೂ ಕೊಡುವವನ ಕಡೆ ನಿಂತು ಹೆಸರಿಟ್ಟರು. ಐಸ್‌ಲೆಂಡಿನವರ ‘ಥೌಗ’ ಎಂಬ ಶಬ್ದ ‘ಥಿಗ್ಯ’ ಎಂಬ ಕ್ರಿಯೆಗೆ ಸೇರಿದ್ದು. ಒಬ್ಬರು ನೀಡಿದ್ದನ್ನು ಒಪ್ಪಿ ಸ್ವೀಕರಿಸುವುದು ಎಂದು ಅದರ ಅರ್ಥ. ದಾನಕ್ಕೆ ಪ್ರತಿಯಾದ ನಮ್ಮ ‘ಪ್ರತಿಗ್ರಹ’ ಎಂಬ ಮಾತೇ ಇದಕ್ಕೆ ಸರಿಹೋಗುತ್ತದೆ. ಇದೇ ಶಬ್ದವನ್ನು ‘ಹಿತಕ್ಕಾಗಿ, ಪ್ರಯೋಜನಕ್ಕಾಗಿ’ ಎನ್ನಲು ಅವರು ಇಂದಿಗೂ ನಿತ್ಯದ ಮಾತಿನಲ್ಲಿ ಬಳಸುತ್ತಾರೆ. ಹೀಗೆ ಇಡೀ ವಿಭಕ್ತಿಯನ್ನು ಪಡೆಯುವವನ ಕಡೆಯಿಂದ ನೋಡಿ ಹೆಸರಿಟ್ಟಂತಾಯಿತು.

ದ್ವಿತೀಯೆಯ ಕಥೆಯನ್ನೂ ಇಲ್ಲಿಯೇ ಹೇಳಿಬಿಡುವುದು ಮೇಲು, ಏಕೆಂದರೆ ಜಗಳವಿರುವುದು ಇವೆರಡರ ನಡುವೆ. ಗ್ರೀಕರು ಅದಕ್ಕೆ ‘ಐತಿಯಾತಿಕೇ’ ಎಂದು ಹೆಸರಿಟ್ಟಿದ್ದರು. ಕ್ರಿಯೆಯ ಫಲಕ್ಕೆ ಗುರಿಯಾದದ್ದು, ಕಾರ್ಯವಾಗಿ ಉಂಟಾದದ್ದು ಎಂಬುದು ಅವರ ಉದ್ದೇಶವೆಂದು ವಿದ್ವಾಂಸರ ಅಭಿಪ್ರಾಯ. ಆದರೆ ಅದೇ ಧಾತುವಿನ ಮತ್ತೊಂದು ಶಬ್ದಕ್ಕೆ ‘ಆಪಾದನೆ’ ಎಂಬರ್ಥವೂ ಇತ್ತು. ರೋಮನರು ಆ ಅರ್ಥವನ್ನು ಹಿಡಿದು ‘ಅಕ್ಕುಸಾತೀವುಸ್’, ಆಪಾದಿಸುವ ವಿಭಕ್ತಿ, ಎಂದು ಅನುವಾದಿಸಿದರು. ಎರಡು ಸಾವಿರ ವರ್ಷಗಳಿಂದ ಯುರೋಪಿನ ಶಾಲಾಮಕ್ಕಳು ಯಾವ ಅಪರಾಧವನ್ನೂ ಮಾಡದ ಕರ್ಮಪದದ ಮೇಲೆ ಆಪಾದನೆ ಹೊರಿಸುತ್ತ ಬಂದಿದ್ದಾರೆ. ಐಸ್‌ಲೆಂಡಿನವರು ಈ ಗೊಂದಲದಿಂದ ಪಾರಾದರು. ‘ಥೋಲ’ ಎಂದರೆ ಸಹಿಸುವುದು, ತಾಳಿಕೊಳ್ಳುವುದು. ಕ್ರಿಯೆಯ ಪೆಟ್ಟನ್ನು ತಾಳಿಕೊಳ್ಳುವವನ ವಿಭಕ್ತಿ ಥೋಲ್‌ಫಾಲ್. ಕರ್ಮವೆಂದರೇನೆಂದು ಹುಡುಗರಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಹೆಸರು ನನಗೆ ಬೇರೆ ತೋರದು.

ನಡುವಿನ ಬೆಸುಗೆ ‘ಸ್’ ಎಂಬ ಒಂಟಿ ವ್ಯಂಜನ. ಇದು ಷಷ್ಠಿಯ ಪ್ರತ್ಯಯ. ಚತುರ್ಥಿಯ ದೋಷವನ್ನು ಹೇಳುವ ಪದದ ಹೊಟ್ಟೆಯಲ್ಲಿ ಷಷ್ಠಿ ಸದ್ದಿಲ್ಲದೆ ಕುಳಿತಿದೆ. ಕೊನೆಯ ‘ಸೀಕಿ’ ಎಂದರೆ ರೋಗ. ಇಂಗ್ಲಿಷಿನ ‘ಸಿಕ್’ ಇದರ ಸೋದರ. ನಮ್ಮ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಸೀಕು ಬಂದಿದೆ’ ಎನ್ನುವುದುಂಟಷ್ಟೆ. ಆ ‘ಸೀಕು’ ಇಂಗ್ಲಿಷಿನ ಮೂಲಕ ನಮ್ಮ ಬಾಯಿಗೆ ಬಂದದ್ದಾದ್ದರಿಂದ ಐಸ್‌ಲೆಂಡಿನ ‘ಸೀಕಿ’ಗೆ ದೂರದ ದಾಯಾದಿ. ಮಧುಮೇಹಕ್ಕೆ ಅವರು ‘ಸೀಕುರ್‌ಸೀಕಿ’ ಎನ್ನುತ್ತಾರೆ. ಇದರ ಮೊದಲ ಭಾಗ ಸಕ್ಕರೆ. ಸಂಸ್ಕೃತದ ‘ಶರ್ಕರಾ’ ಪಾರಸಿ, ಅರಬ್ಬಿಗಳ ಮೂಲಕ ಯುರೋಪನ್ನು ದಾಟಿ ಆ ಹಿಮದ ನಾಡನ್ನು ಮುಟ್ಟಿತು; ಪ್ರಾಕೃತದ ದಾರಿಯಲ್ಲಿ ಬಂದು ನಮಗೆ ಸಕ್ಕರೆಯಾಯಿತು. ಸಕ್ಕರೆ ಕಾಯಿಲೆ ಎನ್ನುವುದರಲ್ಲಿ ಕನ್ನಡವೂ ಐಸ್‌ಲೆಂಡಿನ ಭಾಷೆಯೂ ಅಕ್ಷರಕ್ಕಕ್ಷರ ಒಂದೇ. ಚತುರ್ಥೀ ಕಾಯಿಲೆಯೂ ಅದೇ ಅಚ್ಚಿನಲ್ಲಿ ಎರಕಗೊಂಡ ಪದ. ಪಟ್ಟಿಯಲ್ಲಿ ಮಧುಮೇಹದ ಜೊತೆಗೆ ಒಂದು ವಿಭಕ್ತಿಯೂ ಸೇರಿಹೋಯಿತು.

ಪದದ ಅವಯವಗಳು ಇಷ್ಟು. ಒಂದು ಪ್ರತ್ಯಯದ ವ್ಯತ್ಯಾಸಕ್ಕೆ ರೋಗವೆಂಬ ದೊಡ್ಡ ಮಾತು ಏತಕ್ಕೆ ಬೇಕಾಯಿತು ಎಂಬುದಕ್ಕೆ ಚರಿತ್ರೆಯನ್ನು ನೋಡಬೇಕು. ಡೆನ್ಮಾರ್ಕಿನ ಭಾಷಾಪಂಡಿತ ರಾಸ್ಮುಸ್ ರಾಸ್ಕ್ ೧೮೧೧ರಲ್ಲಿ ಐಸ್‌ಲೆಂಡಿನ ಭಾಷೆಗೆ ಒಂದು ವ್ಯಾಕರಣ ಬರೆದು, ೧೮೧೩ರಲ್ಲಿ ಆ ದ್ವೀಪಕ್ಕೆ ಹೋದನು. ಈತನು ಮುಂದೆ ೧೮೨೦ರಲ್ಲಿ ಮುಂಬಯಿಗೂ ಬಂದು, ಭಾರತ, ಸಿಂಹಳಗಳಲ್ಲಿ ಸುತ್ತಾಡಿ ಅವೆಸ್ತ ಮತ್ತು ಪಾಳಿ ಹಸ್ತಪ್ರತಿಗಳನ್ನು ಸಂಗ್ರಹಿಸಿ ೧೮೨೩ರಲ್ಲಿ ತನ್ನ ದೇಶಕ್ಕೆ ಮರಳಿದನು; ಅದು ಬೇರೆ ಕಥೆ. ರೇಯ್ಕ್ಯಾವಿಕ್ ಪಟ್ಟಣದಲ್ಲಿ ಡೇನಿಷ್ ಮಾತು ಹರಡಿರುವುದನ್ನು ಕಂಡು ಅವನು ದಂಗಾದನು. ಈಗಲೇ ಎಚ್ಚರ ವಹಿಸದಿದ್ದರೆ ಪಟ್ಟಣದಲ್ಲಿ ನೂರು ವರ್ಷಕ್ಕೆ, ದೇಶದಲ್ಲೆಲ್ಲ ಅಲ್ಲಿಂದ ಮುಂದಿನ ಇನ್ನೂರು ವರ್ಷಕ್ಕೆ ಈ ಭಾಷೆಯನ್ನು ತಿಳಿದವರೇ ಇಲ್ಲದಂತಾಗುತ್ತದೆಂದು ಪತ್ರದಲ್ಲಿ ಬರ��ದನು. ಎಚ್ಚರ ವಹಿಸಿದರು. ೧೮೧೬ರಲ್ಲಿ ರಾಸ್ಕನ ಪ್ರಯತ್ನದಿಂದಲೇ ಐಸ್‌ಲೆಂಡಿನ ಸಾಹಿತ್ಯ ಸಂಘ ಸ್ಥಾಪಿತವಾಯಿತು. ಭಾಷೆಯನ್ನು ಉಳಿಸುವುದೂ ಸ್ವಾತಂತ್ರ್ಯವನ್ನು ಪಡೆಯುವುದೂ ಒಂದೇ ಕೆಲಸವೆಂಬ ನಂಬಿಕೆ ಆ ಶತಮಾನದುದ್ದಕ್ಕೂ ಬಲಿಯಿತು. ಹಾಗೆ ನಂಬಿದವರಿಗೆ ವಿಭಕ್ತಿಯೊಂದು ಜಾರಿದರೆ ಕೋಟೆಯ ಕಲ್ಲೊಂದು ಜಾರಿದಂತೆ.

ಈ ಕಾವಲಿಗೆ ರೇಡಿಯೋ ಒಂದು ಸಾಧನವಾಯಿತು. ಐಸ್‌ಲೆಂಡಿನ ಸರ್ಕಾರಿ ಬಾನುಲಿ ೧೯೩೦ರ ಡಿಸೆಂಬರಿನಲ್ಲಿ ಆರಂಭವಾಯಿತು. ಅದಕ್ಕೆ ಅವರು ಕೊಟ್ಟ ಹೆಸರು ‘ಊತ್‌ವಾರ್ಪ್’, ಎಂದರೆ ‘ಹೊರಗೆ ಎರಚುವುದು’. ನಮ್ಮ ಮೈಸೂರಿನಲ್ಲಿ ೧೯೩೫ರಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ದೊರೆತುದನ್ನು ವಾಚಕರು ಬಲ್ಲರು. ನಾವು ಪುರಾಣದಿಂದ ಹೆಸರು ತಂದೆವು, ಅವರು ಹೊಲದಿಂದ ತಂದಂತೆ ತೋರುತ್ತದೆ. ೧೯೩೭ರಲ್ಲಿ ಬ್ಯೋರ್ನ್ ಗುಡ್‌ಫಿನ್ಸನ್ ಎಂಬ ಉಪಾಧ್ಯಾಯರ ವ್ಯಾಕರಣ ಪುಸ್ತಕವೊಂದು ಪ್ರಕಟವಾಯಿತು. ಅದರ ಹೆಸರಿನಲ್ಲಿಯೇ ‘ಶಾಲೆಗಳಿಗೂ ಬಾನುಲಿಗೂ’ ಎಂದಿತ್ತು. ಚಳಿಗಾಲದ ಇರುಳಿನಲ್ಲಿ ದೂರದೂರದ ಒಂಟಿಮನೆಗಳಲ್ಲಿ ಕುಳಿತು ವ್ಯಾಕರಣವನ್ನು ರೇಡಿಯೋದಲ್ಲಿ ಕೇಳುವ ಜನ! ೧೯೫೬ರಲ್ಲಿ ವಿಶ್ವವಿದ್ಯಾನಿಲಯದ ನಿಘಂಟಿನವರು ‘ಐಸ್‌ಲೆಂಡಿನ ಮಾತು’ ಎಂಬ ಕಾರ್ಯಕ್ರಮವನ್ನು ಆರಂಭಿಸಿ, ತಮ್ಮೂರಿನ ಪದಗಳನ್ನು ಬರೆದು ಕಳುಹಿಸಿರೆಂದು ಕೇಳುಗರನ್ನು ಬೇಡಿದರು. ಬಂದ ಕಾಗದಗಳು ನಿಘಂಟಿನ ಸಂಗ್ರಹಕ್ಕೆ ಸೇರಿದವು.

ಗುಡ್‌ಫಿನ್ಸನ್ನರು ೧೯೪೦ರ ದಶಕದಲ್ಲಿ ದೇಶದ ಶಾಲೆಗಳನ್ನು ಸುತ್ತಿ ಸಾವಿರಾರು ಮಕ್ಕಳ ಉಚ್ಚಾರಣೆಯನ್ನು ಪರೀಕ್ಷಿಸಿದರು. ಕೆಲವು ಕಡೆ ಇಕಾರವನ್ನು ಎಕಾರದಂತೆ ಉಚ್ಚರಿಸುವ ರೂಢಿ ಇತ್ತು. ಅದರಿಂದ ‘ಮರ’ ಎಂಬರ್ಥದ ಶಬ್ದ ‘ಹವೆ’ ಎಂಬ ಶಬ್ದದಂತೆ ಕೇಳುತ್ತಿತ್ತು. ಇದಕ್ಕೆ ‘ಫ್ಲೌಮೈಲಿ’ ಎಂದು ಹೆಸರು. ‘ಧ್ವನಿದೋಷ’ ಎಂಬ ಇನ್ನೊಂದು ಹೆಸರೂ ಇತ್ತು. ಶಾಲೆಗಳು ಹಟ ಹಿಡಿದು ಅದನ್ನು ತಿದ್ದಿದವು. ಒಂದೆರಡು ತಲೆಮಾರಿನಲ್ಲಿ ಅದು ಹೆಚ್ಚುಕಡಮೆ ಮರೆಯಾಯಿತು. ಪಾಠ ಹೇಳುವವರಿಗೆ ಇಂಥ ಜಯ ಅಪರೂಪ. ಅದೇ ಶಾಲೆಗಳು, ಅದೇ ಉಪಾಧ್ಯಾಯರು, ಅದೇ ಹಟ ಚತುರ್ಥಿಯ ಮೇಲೂ ಪ್ರಯೋಗವಾಯಿತು. ಚತುರ್ಥಿ ಜಗ್ಗಲಿಲ್ಲ.

ಏಕೆ ಜಗ್ಗಲಿಲ್ಲವೆಂಬುದನ್ನು ಭಾಷೆಯ ಒಳಗೇ ಹುಡುಕಬೇಕು. ‘ಮ್ಯೇರ್ ಎರ್ ಕಾಲ್ತ್’ ಎಂದರೆ ‘ನನಗೆ ಚಳಿಯಾಗುತ್ತಿದೆ’. ‘ಮ್ಯೇರ್ ಲೇದಿಸ್ತ್’ ಎಂದರೆ ‘ನನಗೆ ಬೇಸರ’. ‘ಮ್ಯೇರ್ ಲೀಕರ್’ ಎಂದರೆ ‘ನನಗೆ ಇಷ್ಟ’. ಇವೆಲ್ಲ ಶಿಷ್ಟವಾದ ಪ್ರಯೋಗಗಳು. ಯಾವ ಉಪಾಧ್ಯಾಯರೂ ಕೆಂಪು ಶಾಯಿ ಮುಟ್ಟಿಸುವುದಿಲ್ಲ. ಮನಸ್ಸಿಗೋ ಮೈಗೋ ತಾನಾಗಿ ಆಗುವ ಅನುಭವವನ್ನು ಹೇಳುವಾಗ ಆ ಭಾಷೆ ಅನುಭವಿಸುವವನನ್ನು ಬಹುಮಟ್ಟಿಗೆ ಚತುರ್ಥಿಯಲ್ಲಿಯೇ ನಿಲ್ಲಿಸುತ್ತದೆ. ದ್ವಿತೀಯೆಯನ್ನು ಬೇಡುವ ಲೌಂಗರ್, ವಂತರ್, ಡ್ರೇಮಿರ್ ಮೊದಲಾದವು ಸಣ್ಣ ಗುಂಪು. ಮಗು ಮಾತು ಕಲಿಯುವಾಗ ದೊಡ್ಡ ಗುಂಪಿನ ನಿಯಮವನ್ನು ಹಿಡಿದು ಸಣ್ಣ ಗುಂಪಿಗೂ ಹಾಕಿತು. ಹಂಬಲವೂ ಚಳಿಯಂತೆಯೇ ತಾನಾಗಿ ಆಗುವುದಲ್ಲವೆ? ಪೆಟ್ಟನ್ನು ತಾಳುವವನ ವಿಭಕ್ತಿಯಿಂದ ಪಡೆಯುವವನ ವಿಭಕ್ತಿಗೆ ಮಾತು ಸರಿಯಿತು. ಹೆಸರುಗಳ ಅರ್ಥವನ್ನೇ ಹಿಡಿದು ನೋಡಿದರೆ ಇದರಲ್ಲಿ ಔಚಿತ್ಯವೇ ಕಾಣುತ್ತದೆ.

ಮಗು ಕಣ್ಣು ಮುಚ್ಚಿಕೊಂಡು ಎಲ್ಲೆಲ್ಲಿಯೂ ಚತುರ್ಥಿಯನ್ನು ತುರುಕುವುದಿಲ್ಲ ಎಂಬುದಕ್ಕೂ ಸಾಕ್ಷ್ಯವಿದೆ. ‘ದೋಣಿ ದಡಕ್ಕೆ ತೇಲಿಬಂತು’ ಎನ್ನುವಾಗ ಹಳೆಯ ಪದ್ಧತಿಯಂತೆ ದೋಣಿಯೂ ದ್ವಿತೀಯೆಯಲ್ಲಿರಬೇಕು: ‘ಬೌತಿನ್ ರಾಕ್’. ಇಲ್ಲಿಯೂ ದ್ವಿತೀಯೆ ಸಡಿಲವಾಗುತ್ತಿದೆ. ಆದರೆ ಅದರ ಜಾಗಕ್ಕೆ ಚತುರ್ಥಿ ಬರುವುದಿಲ್ಲ, ‘ಬೌತುರಿನ್ ರಾಕ್’ ಎಂದು ಪ್ರಥಮೆ ಬರುತ್ತದೆ. ದೋಣಿಗೆ ಅನುಭವವಿಲ್ಲವಷ್ಟೆ! ಅನುಭವಿಸುವ ಜೀವಕ್ಕೆ ಚತುರ್ಥಿ, ಜಡವಸ್ತುವಿಗೆ ಪ್ರಥಮೆ ಎಂದು ಯಾರೂ ಕಲಿಸದೆಯೇ ವಿಂಗಡಿಸುವ ಬುದ್ಧಿಗೆ ಕಾಯಿಲೆಯೆನ್ನುವುದು ನ್ಯಾಯವೆ?

ಇನ್ನೊಂದು ಸಂಗತಿ. ‘ನಾವು’ ಎಂಬ ಸರ್ವನಾಮದ ದ್ವಿತೀಯೆಗೂ ಚತುರ್ಥಿಗೂ ಆ ಭಾಷೆಯಲ್ಲಿ ಒಂದೇ ರೂಪ: ‘ಒಕ್ಕುರ್’. ‘ಒಕ್ಕುರ್ ಲೌಂಗರ್’ ಎಂದ ಹುಡುಗ ನೀರೋಗಿಯೋ ರೋಗಿಯೋ ಹೇಳಬಲ್ಲ ವೈದ್ಯನಿಲ್ಲ. ಮಗು ಇದನ್ನು ಕೇಳಿ ಚತುರ್ಥಿಯೆಂದು ಭಾವಿಸಿಕೊಂಡರೆ ಅದರ ತಪ್ಪೇನು?

‘ಮ್ಯೇರ್ ಲೌಂಗರ್’ ಬಗೆಯ ಪ್ರಯೋಗ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಾಣುತ್ತದೆ. ಅದನ್ನು ಶಾಸ್ತ್ರೀಯವಾಗಿ ಎಣಿಸಿ ನೋಡುವ ಕೆಲಸ ತಡವಾಗಿ ಆಯಿತು. ಆಸ್ತಾ ಸ್ವಾವರ್ಸ್‌ದೋತ್ತಿರ್ ಎಂಬ ವಿದುಷಿ ಹನ್ನೊಂದು ವರ್ಷದ ಆಸುಪಾಸಿನ ಶಾಲಾಮಕ್ಕಳ ಭಾಷೆಯನ್ನು ಪರೀಕ್ಷಿಸಿ ೧೯೮೨ರಲ್ಲಿ ಪ್ರಬಂಧ ಪ್ರಕಟಿಸಿದರು. ಅದೇ ವಯಸ್ಸಿನ ಮಕ್ಕಳ ಮತ್ತೊಂದು ಪರೀಕ್ಷೆಯನ್ನು ಯೋಹಾನ್ನೆಸ್ ಗೀಸ್ಲಿ ಯೋನ್ಸನ್, ಥೋರ್ಹಾಲುರ್ ಏಯ್ಥೋರ್ಸನ್ ಎಂಬ ವಿದ್ವಾಂಸರು ನಡೆಸಿ ೨೦೦೩ರಲ್ಲಿ ಫಲಿತಾಂಶ ಪ್ರಕಟಿಸಿದರು. ಚತುರ್ಥಿ ಎಲ್ಲ ಕಡೆಯೂ ಹಬ್ಬಿತ್ತು. ‘ಅವಳಿಗೆ ಆಸೆ’ ಎನ್ನುವಾಗ ಮಕ್ಕಳು ‘ಹೆನ್ನಿ’ ಎಂದು ಚತುರ್ಥಿ ಹೇಳುವುದು ಹೆಚ್ಚು. ‘ನನಗೆ ಆಸೆ’ ಎನ್ನುವಾಗ ಶಿಷ್ಟವಾದ ‘ಮಿಗ್’ ಉಳಿದುಕೊಂಡಿರುವುದು ಹೆಚ್ಚು. ತರಗತಿಯಲ್ಲಿ ತಿದ್ದುವುದು ಸಾಮಾನ್ಯವಾಗಿ ‘ಮ್ಯೇರ್ ಅಲ್ಲ, ಮಿಗ್’ ಎಂದೇ ಆದ್ದರಿಂದ ತಿದ್ದಿದ ಮಾತಷ್ಟೇ ತಿದ್ದಿತು, ನಿಯಮ ತಿದ್ದಲಿಲ್ಲ ಎಂದು ನನ್ನ ಊಹೆ. ಉಪಾಧ್ಯಾಯರಾದವರಿಗೆಲ್ಲ ಈ ಅನುಭವ ಇದ್ದದ್ದೇ. ಮನಸ್ಸನ್ನು ಕಲಕುವ ಸಂಗತಿ ಇನ್ನೊಂದಿದೆ. ಹೆಚ್ಚು ಓದಿದ ತಾಯಂದಿರ ಮಕ್ಕಳಲ್ಲಿ ಈ ಚತುರ್ಥಿ ಕಡಿಮೆ. ಓದು ಕಡಿಮೆಯಾದ ಮನೆಗಳ ಮಕ್ಕಳಲ್ಲಿ ಹೆಚ್ಚು. ಹೀಗಾಗಿ ವ್ಯಾಕರಣದ ಪದವೆಂದು ಹೊರಟದ್ದು ಮನೆತನವನ್ನು ಗುರುತಿಸುವ ಪದವೂ ಆಯಿತು. ತಾಯಿ ಆಡಿಸಿದ ಮಾತನ್ನು ಶಾಲೆಗೆ ತಂದ ಹುಡುಗನಿಗೆ, ನಿನ್ನ ಮಾತಿನಲ್ಲಿ ದೋಷವಿದೆ ಎನ್ನುವುದೇ ಬೇರೆ, ನಿನಗೆ ಕಾಯಿಲೆಯಿದೆ ಎನ್ನುವುದೇ ಬೇರೆ. ಎರಡನೆಯ ಮಾತನ್ನು ಕೇಳಿದವನು ಬಾಯಿ ತೆರೆಯುವುದನ್ನೇ ಬಿಡಬಹುದು.

ಐಸ್‌ಲೆಂಡಿಗೂ ನಾರ್ವೆಗೂ ನಡುವೆ ಫೆರೋ ದ್ವೀಪಗಳಿವೆ. ಅಲ್ಲಿಯ ಭಾಷೆ ಐಸ್‌ಲೆಂಡಿನ ಭಾಷೆಗೆ ತೀರ ಹತ್ತಿರದ್ದು. ಅಲ್ಲಿ ಇಂಥ ಕ್ರಿಯಾಪದಗಳ ಜೊತೆಗಿನ ದ್ವಿತೀಯೆ ಬಹುತೇಕ ಅಳಿದು ಚತುರ್ಥಿ ಬಂತು. ಈಗ ಚತುರ್ಥಿಯನ್ನೂ ಒತ್ತರಿಸಿ ಪ್ರಥಮೆ ನುಗ್ಗುತ್ತಿದೆ. ಇಂಗ್ಲಿಷು ಈ ದಾರಿಯನ್ನು ಶತಮಾನಗಳ ಹಿಂದೆಯೇ ನಡೆದು ಮುಗಿಸಿತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ ‘ಮಿಥಿಂಕ್ಸ್’ ಎಂಬ ಮಾತು ‘ನನಗೆ ತೋರುತ್ತದೆ’ ಎಂಬ ಹಳೆಯ ಚತುರ್ಥಿಯ ಉಳಿಕೆ; ಅದರ ಜಾಗದಲ್ಲಿ ಇಂದು ‘ಐ ಥಿಂಕ್’ ಇದೆ. ಈ ನೆರೆಹೊರೆಯನ್ನು ನೋಡಿದರೆ ‘ಮ್ಯೇರ್ ಲೌಂಗರ್’ ಎನ್ನುವ ರೇಯ್ಕ್ಯಾವಿಕ್ಕಿನ ಹುಡುಗನು ಭಾಷೆಯನ್ನು ಕೆಡಿಸುತ್ತಿಲ್ಲ. ‘ನಾನು’ ಎಂಬ ಪ್ರಥಮೆಗೆ ಶರಣಾಗದೆ, ಸೋದರ ಭಾಷೆಗಳು ಕಳೆದುಕೊಂಡ ಒಂದು ಹಳೆಯ ವಾಕ್ಯಸರಣಿಯನ್ನು ತನಗೆ ತಿಳಿದ ರೀತಿಯಲ್ಲಿ ಕಾಪಾಡುತ್ತಿದ್ದಾನೆ ಎಂದೇ ನಾನು ಹೇಳುತ್ತೇನೆ.

ಹೆಸರನ್ನು ಬದಲಾಯಿಸುವ ಪ್ರಯತ್ನಗಳೂ ನಡೆದವು. ಪ್ರೊಫೆಸರ್ ಹಾಲ್ಡೋರ್ ಹಾಲ್ಡೋರ್ಸನ್ ೧೯೮೨ರಲ್ಲಿ ಇದನ್ನು ಕುರಿತು ಬರೆದ ಪ್ರಬಂಧದ ಶೀರ್ಷಿಕೆಯಲ್ಲಿ ‘ಮ್ಯೇರನಿರ್’ ಎಂಬ ಪದವನ್ನು ಬಳಸಿದರು. ‘ಮ್ಯೇರ್’ ಎಂಬ ಸರ್ವನಾಮಕ್ಕೆ ಭಾವನಾಮದ ಪ್ರತ್ಯಯ ಹಚ್ಚಿ ಮಾಡಿದ ಪದ. ಕನ್ನಡದಲ್ಲಿ ‘ನನಗೆ’ಯಿಂದ ‘ನನಗಿಕೆ’ ಎಂದು ಮಾಡಿದರೆ ಹೇಗೋ ಹಾಗೆ. ಭಾಷಾಶಾಸ್ತ್ರಜ್ಞರು ಇನ್ನೊಂದು ಪದವನ್ನು ರೂಢಿಗೆ ತಂದರು: ‘ಥೌಗುಫಾಲ್ಸ್‌ಹ್ನೇಗ್ದ್’. ಇಲ್ಲಿ ರೋಗವೆಂಬ ಬಾಲವನ್ನು ಕತ್ತರಿಸಿ ‘ಒಲವು’ ಎಂಬ ಬಾಲವನ್ನು ಹಚ್ಚಿದ್ದಾರೆ. ಬಾಗುವುದೆಂಬ ಅರ್ಥದ ಮೂಲದಿಂದ ಬಂದ ಶಬ್ದ ಅದು. ಚತುರ್ಥಿಯ ಕಡೆಗೆ ಬಾಗುವಿಕೆ ಎಂದಾಗುತ್ತದೆ.

ನಮ್ಮ ವ್ಯಾಕರಣಗಳಲ್ಲಿ ‘ವಿಭಕ್ತಿ ಪಲ್ಲಟ’ ಎಂಬ ಪ್ರಕರಣವಿರುವುದನ್ನು ವಾಚಕರು ಬಲ್ಲರು. ‘ಬೆಟ್ಟವನ್ನು ಹತ್ತಿದನು’ ಎನ್ನುವಲ್ಲಿ ‘ಬೆಟ್ಟಕ್ಕೆ ಹತ್ತಿದನು’ ಎಂದರೆ ದ್ವಿತೀಯೆಯ ಜಾಗಕ್ಕೆ ಚತುರ್ಥಿ ಬಂತು. ನಾವದನ್ನು ಪಲ್ಲಟವೆಂದು ಹೇಳಿ ಮುಂದಿನ ಸೂತ್ರಕ್ಕೆ ಹೋಗುತ್ತೇವೆ. ಪಲ್ಲಟವೆಂದರೆ ಅದಲುಬದಲು, ಅಷ್ಟೇ. ಹಾಗೆಂದು ನಾವು ಬೀಗಬೇಕಾಗಿಲ್ಲ. ಉತ್ತರ ಕರ್ನಾಟಕದ ಕಡೆಯ ಹುಡುಗ ‘ಅವನಿಗೆ ನೋಡಿದೆ’ ಎಂದಾಗ ನಮ್ಮಲ್ಲಿ ಪಲ್ಲಟದ ಸೂತ್ರ ಎಷ್ಟು ಮಂದಿಗೆ ನೆನಪಾಗುತ್ತದೆಯೋ ಹೇಳಲಾರೆ.

ಐಸ್‌ಲೆಂಡಿನ ಬರೆಹದ ಶಿಷ್ಟರೂಪ ಇಂದಿಗೂ ‘ಮಿಗ್ ಲೌಂಗರ್’ ಎಂಬುದೇ. ಪರೀಕ್ಷೆಗೆ ಕೂರುವ ಹುಡುಗ ಅದನ್ನೇ ಬರೆಯತಕ್ಕದ್ದು. ವಿದ್ವತ್ ಪತ್ರಿಕೆಗಳಲ್ಲಿ ಒಲವು ಎಂಬ ಹೊಸ ಹೆಸರು ಕಾಣುತ್ತದೆ. ಮನೆಮಾತಿನಲ್ಲಿ ಹಳೆಯ ಹೆಸರು ಇನ್ನೂ ಹೋಗಿಲ್ಲ.